ತಟ್ಟಿ ಬಾಗಿಲಲ್ಲಿ ಯಾರೂ ಕೇಳದ ಪ್ರಶ್ನೆ

ಸವಣೂರಿನ ವೀಳ್ಯದ ಎಲೆಬಳ್ಳಿ ತೋಟದೊಳಗೆ ಯಾರೂ ಚಪ್ಪಲಿ ಹಾಕಿಕೊಂಡು ಹೋಗುವುದಿಲ್ಲ. ನಮ್ಮ ತೋಟದ ತಟ್ಟಿ ಬಾಗಿಲ ಹೊರಗೊಂದು ಬೇವಿನ ಮರವಿದೆ. ಅದರ ಬುಡದಲ್ಲಿ ಚಪ್ಪಲಿ ಬಿಟ್ಟು, ಪಕ್ಕದ ಕಲ್ಲಬಾನಿಯ ನೀರಲ್ಲಿ ಕಾಲು ತೊಳೆದುಕೊಂಡು, ತಲೆ ತಗ್ಗಿಸಿ ಒಳಗೆ ಹೋಗಬೇಕು. ತಲೆ ತಗ್ಗಿಸುವುದಕ್ಕೆ ಭಕ್ತಿ ಕಾರಣವಲ್ಲ, ಬಾಗಿಲು ಗಿಡ್ಡ. ಮರದ ಬುಡದ ಚಪ್ಪಲಿ ನೋಡಿಯೇ ಇವತ್ತು ಕೆಲಸಕ್ಕೆ ಯಾರು ಬಂದಿದ್ದಾರೆ, ಯಾರು ಬಂದಿಲ್ಲ ಎಂದು ಅಪ್ಪ ಹೇಳಿಬಿಡುತ್ತಿದ್ದ.

ಚಪ್ಪಲಿಯ ನಿಯಮದ ಜೊತೆಗೆ ಇನ್ನೊಂದು ನಿಯಮವಿದೆ. ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮುಟ್ಟಾದ ಹೆಂಗಸು ಆ ನಾಲ್ಕು ದಿನ ತೋಟದೊಳಗೆ ಕಾಲಿಡಬಾರದು. ಇಟ್ಟರೆ ಬಳ್ಳಿ ಕೊಳೆಯುತ್ತದೆ. ನಮ್ಮದು ಲಿಂಗ ಕಟ್ಟಿಕೊಂಡವರ ಮನೆ. ಮಗ್ಗುಲ ತೋಟ ಒಬ್ಬ ಮುಸಲ್ಮಾನ ಹಿರಿಯರದು; ನಾನು ಅವರನ್ನು ಚಾಚಾ ಎಂದೇ ಕರೆಯುತ್ತ ಬೆಳೆದವಳು. ಚುನಾವಣೆ ಬಂತೆಂದರೆ ನಮ್ಮ ದೊಡ್ಡಪ್ಪನೂ ಚಾಚಾನೂ ಒಬ್ಬರ ಮುಖ ಒಬ್ಬರು ನೋಡದೆ ತಿರುಗಾಡುತ್ತಾರೆ. ಎರಡು ತೋಟಗಳ ನೀರು ಹೊರಹೋಗುವ ಬಸಿಗಾಲುವೆಯನ್ನು ಯಾರ ನೆಲದಲ್ಲಿ ತೋಡಬೇಕು ಎಂದು ಅವರಿಬ್ಬರಿಗೂ ನಾನು ಹುಟ್ಟುವ ಮೊದಲಿನಿಂದ ತಂಟೆ. ಆದರೆ ಈ ಎರಡು ನಿಯಮಗಳ ಮಟ್ಟಿಗೆ ಇಬ್ಬರದೂ ಒಂದೇ ಧರ್ಮ.

ಹದಿನಾಲ್ಕನೆಯ ವಯಸ್ಸಿನಲ್ಲಿ ಒಂದು ದಿನ ಅಪ್ಪನಿಗೆ ಬುತ್ತಿ ತಂದವಳು ಆ ಬೇವಿನ ಮರದ ಕೆಳಗೆ ನಿಂತುಬಿಟ್ಟಿದ್ದೆ. ಒಳಗೆ ಹೋಗುವಂತಿರಲಿಲ್ಲ. ಯಾಕೆ ಹೋಗುವಂತಿಲ್ಲ ಎಂದು ಕೂಗಿ ಹೇಳುವಂತೆಯೂ ಇರಲಿಲ್ಲ. ಆಗ ಎಲೆಯ ಬುಟ್ಟಿ ಹೊತ್ತುಕೊಂಡು ಹೊರಗೆ ಬಂದವಳು ಅಕ್ಕ. ಒಡಹುಟ್ಟಿದ ಅಕ್ಕನಲ್ಲ. ನಾನು ಹುಟ್ಟುವುದಕ್ಕೂ ಮೊದಲೇ ನಮ್ಮ ತೋಟಕ್ಕೆ ಎಲೆ ಕೊಯ್ಯಲು ಬರುತ್ತಿದ್ದವಳು. ಹೆಬ್ಬೆರಳಿಗೆ ತಗಡಿನ ಉಗುರು ಸಿಕ್ಕಿಸಿಕೊಂಡು ಅವಳು ಎಲೆ ಚಿವುಟುವುದು ಕಣ್ಣಿಗೆ ಕಾಣುತ್ತಿರಲಿಲ್ಲ, ಕಿವಿಗಷ್ಟೇ ಕೇಳುತ್ತಿತ್ತು.

“ಯಾಕ ತಂಗಿ, ಪೊಲೀಸರ ನಿಂತಂಗ ನಿಂತಿಯಲ್ಲ?”

“ಹೊಟ್ಟಿ ನೋಯಾಕತ್ತೇತಿ.”

ಅವಳು ನನ್ನ ಮುಖ ನೋಡಿದಳು. ಬುಟ್ಟಿ ಇಳಿಸಿದಳು. “ಅದಕ್ಕ ನಿಂತಿಯೇನ? ಬಾ ಒಳಗ. ನಾನೂ ಇವತ್ತ ಹಂಗ ಬಂದೇನಿ.”

“ಬಳ್ಳಿ ಕೊಳೀತೈತಿ ಅಂತಾರಲ್ಲ ಅಕ್ಕಾ?”

“ಹದಿನೈದು ವರ್ಷ ಆತು ನಾ ಬರಾಕತ್ತು. ತಿಂಗಳಾ ನಾಕ ದಿನ ಮನ್ಯಾಗ ಕುಂತ್ರ ನನ್ನ ಮಕ್ಕಳು ಏನ್ ತಿನ್ನಬೇಕು? ಬಳ್ಳಿಗೇನ ಗೊತ್ತಾಗತೈತಿ, ಪಾಪ, ಅದಕ್ಕೇನ ಕಣ್ಣ ಅದಾವೇನ?”

“ಯಾರೂ ಕೇಳಂಗಿಲ್ಲಾ?”

“ಯಾರ ಕೇಳ್ತಾರ? ನಿಮ್ಮ ಅಪ್ಪಾರ ಕೇಳ್ತಾರೇನ, ‘ಏನವಾ, ಇವತ್ತ ಹೆಂಗದಿ’ ಅಂತ? ಕೇಳೂ ಮಾತಲ್ಲ ಅದು. ಯಾರ ಮುಂದೂ ಅನಬ್ಯಾಡ ಮತ್ತ.”

ನಾನು ಒಳಗೆ ಹೋದೆ. ಹೋದವಳು ಸುಮ್ಮನೆ ಬರಲಿಲ್ಲ. ಒಂದು ಬಳ್ಳಿಗೆ ಕೆಂಪು ದಾರ ಕಟ್ಟಿ, ಅದರ ಎಲೆಗಳನ್ನು ಬೇಕೆಂದೇ ಅಂಗೈಯಿಂದ ಸವರಿ ಬಂದೆ. ತಿಂಗಳು ಬಿಟ್ಟು ನೋಡಿದರೆ ದಾರ ಬಣ್ಣಗೆಟ್ಟಿತ್ತು, ಬಳ್ಳಿ ಇನ್ನೊಂದು ಮೊಳ ಮೇಲೇರಿತ್ತು. ಅದನ್ನು ಅಕ್ಕನಿಗೆ ಮಾತ್ರ ತೋರಿಸಿದೆ. ಅವಳು ನಕ್ಕು ದಾರ ಬಿಚ್ಚಿ ಎಸೆದಳು. “ಹುಚ್ಚಿ, ಗುರ್ತ ಯಾಕ ಇಡ್ತಿ?” ಎಂದಳು.

ಆಮೇಲೆ ನಾನು ಕಾಲೇಜು ಸೇರಿ ಚರ್ಚಾಸ್ಪರ್ಧೆಗಳಿಗೆ ಹೋಗತೊಡಗಿದೆ. ಅಲ್ಲಿ ಕಲಿಸುವ ಮೊದಲ ಪಾಠ, ನಿನಗೇನು ಅನಿಸುತ್ತದೆ ಎನ್ನುವುದು ಮುಖ್ಯವಲ್ಲ ಎನ್ನುವುದು. ಚೀಟಿ ಎತ್ತಿಸುತ್ತಾರೆ, ಪರ ಬಂದರೆ ಪರ, ವಿರೋಧ ಬಂದರೆ ವಿರೋಧ. ಒಂದು ಸಲ ಹಾನಗಲ್ಲಿನಲ್ಲಿ ವಿಷಯ ಹೀಗಿತ್ತು: ವಲಸೆ ಬಂದವರಿಂದ ಸ್ಥಳೀಯರ ಬದುಕಿಗೆ ಪೆಟ್ಟು ಬೀಳುತ್ತಿದೆ. ನನಗೆ ಪರ ಬಂತು. ಜೊತೆಗೆ ಬಂದಿದ್ದ ದೊಡ್ಡಪ್ಪ ಮುಂದಿನ ಸಾಲಿನಲ್ಲಿ ಕೂತಿದ್ದ. ಗುರುತಿಲ್ಲದವರನ್ನು ನಂಬುವುದು ದೊಡ್ಡಸ್ತಿಕೆಯಲ್ಲ, ಮೈಮರೆವು ಎಂದು ನಾನು ಮೇಜು ಕುಟ್ಟಿ ಹೇಳಿದಾಗ ಸಭೆ ಚಪ್ಪಾಳೆ ತಟ್ಟಿತು. ಮರುತಿಂಗಳು ಹಿರೇಕೆರೂರಿನಲ್ಲಿ ಹೆಚ್ಚು ಕಡಿಮೆ ಅದೇ ವಿಷಯ. ಅಲ್ಲಿ ವಿರೋಧ ಬಂತು. ಅಲ್ಲಿಯೂ ಗೆದ್ದೆ. ಎರಡು ಬಹುಮಾನಗಳನ್ನೂ ಅವ್ವ ಒಂದೇ ಹಲಗೆಯ ಮೇಲೆ ಅಕ್ಕಪಕ್ಕ ಇಟ್ಟಳು. ಹಿರೇಕೆರೂರಿಗೆ ದೊಡ್ಡಪ್ಪ ಬಂದಿರಲಿಲ್ಲ. ಅವನ ಪಾಲಿಗೆ ನಾನು ಆಡಿದ್ದು ಒಂದೇ ಭಾಷಣ.

ಆ ಹೊತ್ತಿಗೆ ತೋಟದ ಕೆಲಸಕ್ಕೆ ಊರ ಜನ ಸಿಗುವುದು ಕಡಿಮೆಯಾಗಿತ್ತು. ಹೆದ್ದಾರಿಯ ಧಾಬಾಗಳಿವೆ, ಬೀಜದ ಕಂಪನಿಗಳಿವೆ. ಬಗ್ಗಿ ಏಳುವ ಕೆಲಸ ಯಾರಿಗೆ ಬೇಕು? ಶಿಗ್ಗಾಂವಿ ಹತ್ತಿರ ರಸ್ತೆ ಕೆಲಸಕ್ಕೆ ಬಂದಿದ್ದ ಝಾರ್ಖಂಡದ ಗುಂಪೊಂದು ಮುಂದಕ್ಕೆ ಹೋದಾಗ, ಕಾಲಿನ ಎರಡು ಬೆರಳು ಜಜ್ಜಿಹೋದ ಒಬ್ಬ ಹಿಂದೆ ಉಳಿದಿದ್ದ. ಅಪ್ಪ ಅವನನ್ನು ಕರೆತಂದ. ತೋಟದೊಳಗಿನ ಪಂಪಿನ ಮನೆಯಲ್ಲಿ ಇರಲು ಜಾಗ ಕೊಟ್ಟ. ವರ್ಷದೊಳಗೆ ಅವನ ಹೆಂಡತಿಯೂ ಬಂದಳು. ಊರಿನವರಿಗೆ ಝಾರ್ಖಂಡ, ಬಿಹಾರ ಎಲ್ಲ ಒಂದೇ. ಅವನು ‘ಹಿಂದಿಯಾವ’, ಅವಳು ‘ಹಿಂದಿಯಾಕಿ’.

ಅವಳಿಗೆ ಕೆಲಸ ಕಲಿಸಿದವಳು ಅಕ್ಕ. ತನ್ನ ಹಳೆಯ ತಗಡಿನ ಉಗುರನ್ನು ಅವಳ ಹೆಬ್ಬೆರಳಿಗೆ ತಾನೇ ಬಗ್ಗಿಸಿ ಕೂರಿಸಿದಳು. ಬಳ್ಳಿಯನ್ನು ಗಿಡಕ್ಕೆ ಕಟ್ಟುವಾಗ ಎಷ್ಟು ಸಡಿಲ ಬಿಡಬೇಕು, ಯಾವ ಎಲೆ ಈ ವಾರ, ಯಾವ ಎಲೆ ಮುಂದಿನ ವಾರ, ಎಲ್ಲ ಕಲಿಸಿದಳು. ಕನ್ನಡವನ್ನೂ ಕಲಿಸಿದಳು. ಹಾಗಾಗಿ ಅವಳ ಕನ್ನಡವೆಲ್ಲ ತೋಟದ ಕನ್ನಡ. ನನ್ನನ್ನು ಕಂಡರೆ “ತಂಗಿ, ಎಳೀದ ಅದಿ, ಬಲಿತಿಲ್ಲ ಇನ್ನ” ಎನ್ನುತ್ತಿದ್ದಳು, ನಾನೇನೋ ಎಲೆ ಅನ್ನುವ ಹಾಗೆ. ಅಕ್ಕ ಬಿದ್ದು ಬಿದ್ದು ನಗುತ್ತಿದ್ದಳು.

ಆರು ವರ್ಷದ ಮಗಳನ್ನು ಗಂಡ ಹೆಂಡತಿ ತಮ್ಮ ಊರಲ್ಲಿ ಅಜ್ಜಿಯ ಹತ್ತಿರ ಬಿಟ್ಟು ಬಂದಿದ್ದರು. ದೀಪಾವಳಿಗೆ ಹೋಗಿ ಕರೆತರುವುದು, ಜೂನಿನಲ್ಲಿ ಇಲ್ಲಿಯ ಶಾಲೆಗೆ ಹಾಕುವುದು ಅವರ ಲೆಕ್ಕ. ಶಾಲೆಗೆ ವಿಳಾಸ ಬೇಕು. ಪಂಪಿನ ಮನೆಯಲ್ಲಿ ವಾಸವಿದ್ದಾರೆ ಎಂದು ಬರೆದುಕೊಡಲು ಅಪ್ಪ ಒಪ್ಪಿದ್ದ. ತನ್ನ ಮೊಮ್ಮಗನ ಜೊತೆ ಆ ಹುಡುಗಿಯನ್ನೂ ಕೈಹಿಡಿದು ಕರೆದುಕೊಂಡು ಹೋಗುತ್ತೇನೆ ಎಂದು ಅಕ್ಕ ಹೇಳಿದ್ದಳು. ಒಂದು ದಿನ ನಾನು ಹೋದಾಗ ಹಿಂದಿಯವ ಪಂಪಿನ ಮನೆಯ ಗೋಡೆಗೆ ಮೊಳೆ ಹೊಡೆಯುತ್ತಿದ್ದ. ನನ್ನ ಸೊಂಟಕ್ಕಿಂತ ಕೆಳಗೆ.

“ಇಷ್ಟ್ ತೆಳಗ ಯಾಕ?” ಎಂದೆ.

ಹಿಂದಿಯಾಕೆ ಕೈಯನ್ನು ನೆಲದಿಂದ ಅಷ್ಟೆತ್ತರಕ್ಕೆ ಹಿಡಿದು ತೋರಿಸಿದಳು. “ಮಗಳ ಪಾಟೀಚೀಲಾ. ಆಕೀನ ಹಾಕಬೇಕು, ಆಕೀನ ತಕ್ಕೋಬೇಕು.”

ಆ ವರ್ಷದ ಮಳೆ ಬಿಡಲಿಲ್ಲ. ತೋಟದ ಕೆಳಗಿನ ಮೂಲೆಯಲ್ಲಿ, ಚಾಚಾನ ಒಡ್ಡಿಗೆ ತಗುಲಿದ ಕಡೆ, ಎಲೆಗಳ ಮೇಲೆ ಕಪ್ಪು ಚುಕ್ಕೆ ಬಿದ್ದವು. ಆಮೇಲೆ ಬಳ್ಳಿಯ ಬುಡ ಮೆತ್ತಗಾಗಿ ಕೈಗೇ ಕಿತ್ತು ಬಂತು. ಕೊಳೆತ ಬುಡದ ವಾಸನೆ ಒಂದು ಸಲ ಮೂಗಿಗೆ ಬಡಿದರೆ ಊಟ ಸೇರುವುದಿಲ್ಲ. ಅಪ್ಪ ಮೈಲುತುತ್ತ ಮತ್ತು ಸುಣ್ಣ ಕಲಸಿ ಹೊಡೆದ. ಹಿಂದಿಯವ ಮೊಣಕಾಲುದ್ದ ಕೆಸರಿನಲ್ಲಿ ನಿಂತು, “ಮಾಲಕ್, ನೀರ ನಿಂತೈತಿ, ನೀರ ಹೋಗಬೇಕು” ಎಂದು ಕೈಯಿಂದ ದಾರಿ ತೋರಿಸಿದ. ಅವನು ತೋರಿಸಿದ ದಾರಿ ಸರಿಯಾಗಿ ಚಾಚಾನ ಒಡ್ಡಿನ ಮೂಲಕ ಹೋಗುತ್ತಿತ್ತು. ಮೂವತ್ತು ವರ್ಷದ ತಂಟೆ ಇದ್ದದ್ದೂ ಅದಕ್ಕೇ. ಅಪ್ಪ ಮತ್ತೆ ಔಷಧ ಹೊಡೆಯತೊಡಗಿದ. ನನ್ನ ಅಪ್ಪ ಅಣ್ಣನೆದುರು ಮಾತಾಡುವವನಲ್ಲ.

ಹತ್ತು ದಿನದಲ್ಲಿ ಚುಕ್ಕೆ ಚಾಚಾನ ತೋಟದಲ್ಲೂ ಕಾಣಿಸಿತು. ಅವತ್ತು ದೊಡ್ಡಪ್ಪನೂ ಚಾಚಾನೂ ಒಟ್ಟಿಗೆ ತೋಟ ನೋಡಲು ಬಂದರು. ಅವರಿಬ್ಬರ ಚಪ್ಪಲಿ ಬೇವಿನ ಮರದ ಬುಡದಲ್ಲಿ ಅಕ್ಕಪಕ್ಕ ಬಿಟ್ಟಿದ್ದನ್ನು ನಾನು ಮೊದಲ ಸಲ ನೋಡಿದೆ. ಹಿಂದಿಯಾಕೆ ಎಲೆಯ ಬುಟ್ಟಿ ಹೊತ್ತು ಎದುರಿಗೆ ಬಂದಳು. ದೊಡ್ಡಪ್ಪ ನಿಲ್ಲಿಸಿದ.

“ಏನವಾ, ನೀ ಇಲ್ಲೇ ಇರ್ತಿಯಲ್ಲ?”

“ಹೌದ್ರಿ ಮಾಲಕ್.”

“ಹೆಣ್ಮಕ್ಕಳ ಆ ನಾಕ ದಿನ ಬರ್ತಾವಲ್ಲ, ಅವಾಗ ಎಲ್ಲಿ ಹೋಗ್ತಿ?”

ಅವಳಿಗೆ ಮೊದಲು ತಿಳಿಯಲಿಲ್ಲ. ತಿಳಿದಾಗ ಮುಖ ಕೆಂಪಾಯಿತು. ಆದರೂ ಕೇಳಿದವರು ಹಿರಿಯರು, ಉತ್ತರ ಹೇಳಬೇಕು. “ಎಲ್ಲೀ ಇಲ್ರಿ. ಮನಿ ಇಲ್ಲೇ ಐತಿ. ಎಲ್ಲಿ ಹೋಗಬೇಕು?”

ಇಷ್ಟೇ. ಅವಳು ಖರೆ ಹೇಳಿದಳು, ಯಾಕೆಂದರೆ ಅದು ಹೇಳಬಾರದ ಖರೆ ಎಂದು ಅವಳಿಗೆ ಯಾರೂ ಕಲಿಸಿರಲಿಲ್ಲ. ಅಕ್ಕ ಅವಳಿಗೆ ಎಲ್ಲ ಕಲಿಸಿದ್ದಳು, ಇದನ್ನು ಬಿಟ್ಟು. ಕಲಿಸಬೇಕೆಂದು ಅವಳಿಗೂ ಹೊಳೆದಿರಲಿಕ್ಕಿಲ್ಲ. ಊರಿನ ಹೆಂಗಸರನ್ನು ಯಾರೂ ಕೇಳುತ್ತಿರಲಿಲ್ಲವಲ್ಲ. ನಂಬಿಕೆ ಎಂದರೆ ಒಬ್ಬರ ಬಗ್ಗೆ ಗೊತ್ತಿರುವುದು ಎಂದು ನಾನು ಹಾನಗಲ್ಲಿನಲ್ಲಿ ವಾದಿಸಿದ್ದೆ. ತಪ್ಪು. ನಮ್ಮ ತೋಟದಲ್ಲಿ ನಂಬಿಕೆ ಎಂದರೆ ಕೇಳದೆ ಬಿಡುವುದು. ಅವಳನ್ನು ಕೇಳಿದರು, ಕೇಳಿದಾಗಲೇ ಅವಳು ಹೊರಗಿನವಳೆಂದು ತೀರ್ಮಾನವಾಗಿತ್ತು, ಉತ್ತರ ಬರುವ ಮೊದಲೇ.

ಮರುದಿನ ಬೆಳಿಗ್ಗೆ ಬೇವಿನ ಮರದ ಕೆಳಗೆ ಎಲ್ಲರೂ ಸೇರಿದರು. ದೊಡ್ಡಪ್ಪ, ಚಾಚಾ, ಅಪ್ಪ ಕಲ್ಲಿನ ಮೇಲೆ ಕೂತರು. ಗಂಡ ಹೆಂಡತಿ ತಟ್ಟಿಗೆ ಒರಗಿ ನಿಂತರು. ಅಕ್ಕ ಸ್ವಲ್ಪ ದೂರದಲ್ಲಿ ಎಲೆ ಆರಿಸುತ್ತ ಕೂತಳು. ನನ್ನನ್ನು ಯಾರೂ ಕರೆದಿರಲಿಲ್ಲ. ನಾನು ಒಂದು ಹಾಳೆಯಲ್ಲಿ ಮೂರು ಅಂಶ ಬರೆದುಕೊಂಡು ಹೋಗಿದ್ದೆ.

“ಭಾನುವಾರದೊಳಗ ಪಂಪಿನ ಮನಿ ಖಾಲಿ ಆಗಲಿ,” ಎಂದ ದೊಡ್ಡಪ್ಪ. “ಅವರ ಮ್ಯಾಲ ನಮಗೇನ ಸಿಟ್ಟಿಲ್ಲ. ಬಳ್ಳಿ ಉಳೀಬೇಕಲ್ಲ.”

“ಬಳ್ಳಿ ಯಾಕ ಕೊಳೀತು ಅಂತ ಗೊತ್ತಾಗೂದಕ್ಕ ಮೊದ್ಲ ತೀರ್ಮಾನ ಮಾಡೀರಲ್ಲ ದೊಡ್ಡಪ್ಪಾ?”

ಚಾಚಾ ನಕ್ಕರು. “ನೋಡ್ರಿ ಅಣ್ಣಾರ, ನಿಮ್ಮ ಮನಿ ವಕೀಲರು ಬಂದ್ರು.”

“ಮೊದ್ಲ ಕೊಳತದ್ದು ಯಾವ ಮೂಲಿ ಚಾಚಾ? ತೆಳಗಿನ ಮೂಲಿ. ಪಂಪಿನ ಮನಿ ಎಲ್ಲೈತಿ? ಮ್ಯಾಲಿನ ಮೂಲ್ಯಾಗ. ಆಕಿ ಇರೂ ಕಡೆ ಬಳ್ಳಿ ಛಲೋ ಅದಾವ. ಆಕಿ ಇಲ್ಲದ ಕಡೆ ಕೊಳತಾವ. ಇದ್ಯಾವ ಶಾಸ್ತ್ರ?”

“ಮೈಲಿಗಿ ನೀರಿನ ಜೋಡಿ ತೆಳಗ ಇಳೀತೈತಿ, ಬೇಟಿ.”

ದೊಡ್ಡಪ್ಪ ನಕ್ಕ. ಅಪ್ಪನೂ ಸ್ವಲ್ಪ ನಕ್ಕ. ನಾನು ಬಿಡಲಿಲ್ಲ. “ಅಂದ್ರ ನೀರ ಇಳೀತೈತಿ ಅಂತ ನೀವ ಒಪ್ಪಿದ್ರಿ. ಇಳದ ನೀರ ಎಲ್ಲಿ ಹೋಗತೈತಿ? ನಿಮ್ಮ ಒಡ್ಡಿಗೆ ಬಂದ ನಿಂದರತೈತಿ. ಕಾಲುವಿ ತೆಗದ್ರ—”

“ಕಾಲುವಿ ಮಾತ ಈಗ್ಯಾಕ?” ಎಂದ ದೊಡ್ಡಪ್ಪ.

“ಕಾಲುವಿ ಮಾತ ಬ್ಯಾಡ,” ಎಂದರು ಚಾಚಾ.

ಇಬ್ಬರೂ ಒಂದೇ ಉಸಿರಿನಲ್ಲಿ. ಮೂವತ್ತು ವರ್ಷದಲ್ಲಿ ಅವರಿಬ್ಬರೂ ಕಾಲುವೆಯ ಬಗ್ಗೆ ಒಪ್ಪಿಕೊಂಡ ಮೊದಲ ಸಂಗತಿ ಅದು. ಕಾಲುವೆ ತೆಗೆದರೆ ಇಬ್ಬರಲ್ಲಿ ಒಬ್ಬರು ಸೋಲಬೇಕಾಗಿತ್ತು. ಹಿಂದಿಯವರನ್ನು ತೆಗೆದರೆ ಯಾರೂ ಸೋಲುವಂತಿರಲಿಲ್ಲ.

“ಅಲ್ಲವಾ,” ದೊಡ್ಡಪ್ಪ ನನ್ನ ಕಡೆ ತಿರುಗಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಹೆಮ್ಮೆಯೇ ಇತ್ತು. “ಹಾನಗಲ್ಲಾಗ ನೀನ ಹೇಳಿದ್ಯಲ್ಲ. ಗುರ್ತ ಇಲ್ಲದವರನ್ನ ನಂಬೂದು ದೊಡ್ಡಸ್ತನ ಅಲ್ಲ, ಮೈಮರವು ಅಂತ. ಎಷ್ಟ್ ಮಂದಿ ಚಪ್ಪಾಳಿ ತಟ್ಟಿದ್ರು! ನಾ ಖಾರದ ಅಂಗಡ್ಯಾಗ ನಿಂತ ಇನ್ನೂ ಹೇಳ್ತೇನಿ ಆ ಮಾತ. ಅವತ್ತ ಸುಳ್ಳ ಹೇಳಿದ್ದೇನ?”

“ಅದು ಚೀಟಿ, ದೊಡ್ಡಪ್ಪಾ. ಚೀಟಿ ಬಂದದ್ದಕ್ಕ ಹೇಳಿದ್ದು.”

“ಹಂಗಾರ ಇವತ್ತ ಯಾರ ಕೊಟ್ಟಾರ ಚೀಟಿ?”

ಎಲ್ಲರೂ ನಕ್ಕರು. ಏನು ನಡೆಯುತ್ತಿದೆ ಎಂದು ಅರ್ಧವಷ್ಟೇ ತಿಳಿದ ಹಿಂದಿಯವನೂ, ಎಲ್ಲರೂ ನಗುತ್ತಿದ್ದಾರಲ್ಲ ಎಂದು, ಪರಿಸ್ಥಿತಿ ಹಗುರಾಯಿತೇನೋ ಎನ್ನುವ ಆಸೆಯಿಂದ ನಕ್ಕ. ಆ ನಗು ಕಂಡು ನನಗೆ ತಡೆಯಲಾಗಲಿಲ್ಲ. ವೇದಿಕೆಯ ಮೇಲೆ ಎದುರಾಳಿ ಜನರನ್ನು ನಗಿಸಿಬಿಟ್ಟರೆ ಉಳಿದಿರುವ ಗಟ್ಟಿ ಪುರಾವೆಯನ್ನು ಆ ಕ್ಷಣದಲ್ಲೇ ಎತ್ತಿ ಹಾಕಬೇಕು. ಅದನ್ನೇ ಕಲಿತಿದ್ದೆ, ಅದನ್ನೇ ಮಾಡಿದೆ.

“ಮುಟ್ಟಾದಾಕಿ ಬಂದ್ರ ಬಳ್ಳಿ ಕೊಳೀತೈತಿ ಅಂದ್ರ, ಈ ತ್ವಾಟ ಇಪ್ಪತ್ತ ವರ್ಷದ ಹಿಂದನ ಕೊಳೀಬೇಕಾಗಿತ್ತು. ಅಕ್ಕನ್ನ ಕೇಳ್ರಿ. ಆಕಿ ಒಂದ ದಿನಾನೂ ಬಿಟ್ಟಿಲ್ಲ. ಎಲ್ಲಾರೂ ಬರ್ತಾರ. ನೀವ ಕೇಳಿಲ್ಲ, ಅವರ ಹೇಳಿಲ್ಲ.”

ಎಲೆ ಆರಿಸುತ್ತಿದ್ದ ಸದ್ದು ನಿಂತಿತು.

ಇಲ್ಲಿ ನಾನೊಂದು ಮಾತು ಬರೆಯಲೇಬೇಕು, ಇಲ್ಲದಿದ್ದರೆ ಉಳಿದದ್ದನ್ನೆಲ್ಲ ಬರೆದೂ ಉಪಯೋಗವಿಲ್ಲ. ನನ್ನ ಹತ್ತಿರ ನನ್ನದೇ ಪುರಾವೆಯಿತ್ತು. ಕೆಂಪು ದಾರ ಕಟ್ಟಿದ ಬಳ್ಳಿ. ಹದಿನಾಲ್ಕರಿಂದ ಇಪ್ಪತ್ತೆರಡರವರೆಗೆ ಒಂದು ತಿಂಗಳೂ ತಪ್ಪದೆ ನಾನು ಒಳಗೆ ಹೋಗಿ ಬಂದ ಲೆಕ್ಕ. ‘ನಾನೇ ಹೋಗಿದ್ದೇನೆ’ ಎಂದಿದ್ದರೆ ಸಾಕಾಗಿತ್ತು. ಸ್ವಂತ ಅನುಭವವನ್ನು ವಾದಕ್ಕೆ ತರಬಾರದು, ಅಂಕ ಕಳೆಯುತ್ತಾರೆ ಎಂದು ಸ್ಪರ್ಧೆಗಳಲ್ಲಿ ಹೇಳಿಕೊಡುತ್ತಾರೆ. ಬಹಳ ದಿನ ಆ ನೆಪವನ್ನು ನನಗೆ ನಾನೇ ಹೇಳಿಕೊಂಡೆ. ಅದು ನೆಪವೇ. ಕಲ್ಲಿನ ಮೇಲೆ ಅಪ್ಪ ಕೂತಿದ್ದ, ದೊಡ್ಡಪ್ಪ ಕೂತಿದ್ದ. ನನಗೆ ನಾಚಿಕೆಯಾಯಿತು, ಅಂಜಿಕೆಯಾಯಿತು. ಅದಕ್ಕೇ ಅಕ್ಕನದನ್ನು ಎತ್ತಿ ಮುಂದಿಟ್ಟೆ. ಆ ಗುಟ್ಟನ್ನು ಅವಳು ನನ್ನ ಕೈಗೆ ಕೊಟ್ಟದ್ದು ನಾನು ಅಳುಮೋರೆ ಮಾಡಿಕೊಂಡು ನಿಂತಿದ್ದಾಗ, ನನ್ನನ್ನು ಸಮಾಧಾನ ಮಾಡುವುದಕ್ಕೆ.

“ಏನವಾ,” ದೊಡ್ಡಪ್ಪ ಅಕ್ಕನ ಕಡೆ ತಿರುಗಿದ. “ಖರೇನ ಇದು?”

ಅಕ್ಕ ಎದ್ದು ನಿಂತಳು. ನನ್ನ ಕಡೆ ನೋಡಿದಳು. ಅವಳು ಆಗ ಬಾಯಿಬಿಟ್ಟು ‘ನಿಮ್ಮ ಮಗಳನ್ನೂ ಕೇಳ್ರಿ’ ಎಂದಿದ್ದರೆ ನಾನು ಎಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದೆನೋ ಗೊತ್ತಿಲ್ಲ. ಅವಳು ಹಾಗೆನ್ನಲಿಲ್ಲ.

“ಸಾಲಿ ಕಲ್ತಾರಲ್ರಿ, ಮಾತ ಕಲ್ತಾರ,” ಎಂದಳು, ನೆಲ ನೋಡುತ್ತ. “ನಾ ಹಂಗ ಮಾಡಾಕಿ ಅಲ್ರಿ. ನಿಮ್ಮ ಉಪ್ಪು ತಿಂದೇನಿ.”

“ಮತ್ತ ಇಕಿ?” ಚಾಚಾ ಹಿಂದಿಯಾಕೆಯ ಕಡೆ ಗದ್ದ ಎತ್ತಿ ತೋರಿಸಿದರು. “ಇಕಿಗೆ ನೀನ ಅಲ್ಲೇನವಾ ಎಲ್ಲಾ ಕಲಿಸಿದಾಕಿ? ಇದನ್ನ ಹೇಳಿಲ್ಲೇನ?”

ಅಕ್ಕನ ಕೈಯಲ್ಲಿ ಒಂದು ಎಲೆ ಇತ್ತು. ಅದನ್ನು ಮಡಚಿ ಮಡಚಿ ಸಣ್ಣದು ಮಾಡಿದಳು. “ಹೇಳೇನ್ರಿ. ಎಷ್ಟ್ ಸಲ ಹೇಳೇನಿ, ಆ ನಾಕ ದಿನ ಹೊರಗ ಎಲ್ಲ್ಯರ ಹೋಗಿ ಇರು ಅಂತ. ಆಕಿ ಕೇಳಲಿಲ್ಲ.”

ಆ ಮಾತು ಸುಳ್ಳು ಎಂದು ನನಗೆ ಗೊತ್ತಿತ್ತು. ಅಕ್ಕನಿಗೆ ಗೊತ್ತಿತ್ತು. ಹಿಂದಿಯಾಕೆಗಂತೂ ಗೊತ್ತಿದ್ದೇ ಇತ್ತು. ದೊಡ್ಡಪ್ಪ ಅವಳನ್ನು ಕೇಳಿದ, “ಹೌದೇನ? ಇಕಿ ನಿನಗ ಹೇಳಿದ್ಲೇನ?”

ನಾನು ಕಾದೆ. ಅವಳು ಇಲ್ಲ ಎನ್ನಬೇಕು, ನಾನು ಅದನ್ನು ಹಿಡಿದುಕೊಂಡು ಮುಂದಿನ ಮಾತು ಆಡಬೇಕು. ನನ್ನ ತಲೆಯಲ್ಲಿ ಆ ಮುಂದಿನ ಮಾತು ಆಗಲೇ ತಯಾರಾಗಿತ್ತು ಎನ್ನುವುದನ್ನು ಈಗ ನೆನೆದರೆ ಹೇಸಿಗೆಯಾಗುತ್ತದೆ.

ಅವಳು ಅಕ್ಕನ ಮುಖ ನೋಡಿದಳು. ಬಹಳ ಹೊತ್ತಲ್ಲ. “ಹೌದ್ರಿ ಮಾಲಕ್,” ಎಂದಳು. “ಅಕ್ಕ ಹೇಳಿದ್ಲು. ನಾನ ಕೇಳಲಿಲ್ಲ.”

ಅವಳು ನಮ್ಮ ತೋಟದ ಕೊನೆಯ ಪಾಠವನ್ನು ಆ ಹೊತ್ತಿಗೆ ಕಲಿತುಬಿಟ್ಟಿದ್ದಳು. ಯಾರೂ ಕಲಿಸದೆ, ಒಂದೇ ಸಲಕ್ಕೆ.

ಆಮೇಲೆ ಚರ್ಚೆಗೆ ಏನೂ ಉಳಿಯಲಿಲ್ಲ. ಚಾಚಾ ಎದ್ದು, “ಪಾಪ, ಒಪ್ಪಿಕೊಂಡ್ಲು, ಛಲೋ ಹೆಣ್ಮಗಳು” ಎಂದರು. ಅವರ ದನಿಯಲ್ಲಿ ನಿಜವಾದ ಮರುಕವಿತ್ತು. ದೊಡ್ಡಪ್ಪ ನನ್ನ ತಲೆಯ ಮೇಲೆ ಕೈಯಿಟ್ಟು, “ಮಾತಿಗೇನ ಕಡಿಮಿ ಇಲ್ಲವಾ ನಿನಗ” ಎಂದ. ಅಪ್ಪ ಕಲ್ಲಬಾನಿಯ ಹತ್ತಿರ ಹೋಗಿ, ತೊಳೆದ ಕಾಲನ್ನೇ ಇನ್ನೊಮ್ಮೆ ತೊಳೆದುಕೊಂಡ.

ಹಿಂದಿಯವರು ಭಾನುವಾರದವರೆಗೂ ಕಾಯಲಿಲ್ಲ. ಶುಕ್ರವಾರ ಮಧ್ಯಾಹ್ನ ಯಲವಿಗಿ ಸ್ಟೇಷನ್ನಿಗೆ ಅಪ್ಪ ತನ್ನ ಗಾಡಿಯಲ್ಲಿ ಸಾಮಾನು ಸಾಗಿಸಿದ. ನಾನು ಅವಳನ್ನು ಸ್ಕೂಟಿಯ ಮೇಲೆ ಕರೆದೊಯ್ದೆ. ಹುಬ್ಬಳ್ಳಿಗೆ ಹೋಗಿ ಅಲ್ಲಿಂದ ಮುಂದೆ ನೋಡುತ್ತೇವೆ ಎಂದರು. ಊರಿಗೋ, ಮತ್ತೊಂದು ರಸ್ತೆ ಕೆಲಸಕ್ಕೋ, ಹೇಳಲಿಲ್ಲ. ಹೇಳಬೇಕಾದ ಕಾರಣವೂ ಅವರಿಗಿರಲಿಲ್ಲ. ರೈಲು ಬರುವುದು ತಡವಾಯಿತು. ಸಿಮೆಂಟಿನ ಬೆಂಚಿನ ಮೇಲೆ ಕೂತು ನಾನು ಮಾತು ಶುರುಮಾಡಿದೆ. ಅಕ್ಕ ಹೇಳಿದ್ದು ಸುಳ್ಳೆಂದು ನನಗೆ ಗೊತ್ತು, ನೀನು ಯಾಕೆ ಹೌದೆಂದೆ, ಇಲ್ಲ ಅಂದಿದ್ದರೆ ನಾನು ಏನಾದರೂ ಮಾಡುತ್ತಿದ್ದೆ.

“ತಂಗಿ,” ಎಂದಳು. “ನಾ ಇಲ್ಲ ಅಂದ್ರ ಅಕ್ಕಾಗ ಕೆಲಸ ಇಲ್ಲ. ನಾ ಹೌದ ಅಂದ್ರ ನಂಗ ಇಲ್ಲ. ನಂಗ ಹೆಂಗೂ ಇಲ್ಲ.”

ಸ್ಪರ್ಧೆಗಳಲ್ಲಿ ನಾನು ಕೇಳಿದ ಯಾವ ವಾದವೂ ಇಷ್ಟು ಸ್ವಚ್ಛವಾಗಿರಲಿಲ್ಲ. ರೈಲು ಬಂದಾಗ ಅವಳು ಸೆರಗಿನ ಗಂಟು ಬಿಚ್ಚಿ ತಗಡಿನ ಉಗುರನ್ನು ತೆಗೆದು ನನ್ನ ಕೈಯಲ್ಲಿಟ್ಟಳು. “ಅಕ್ಕಾಂದು. ಕೊಡು.”

ನಾನು ಅದನ್ನು ಕೊಡಲು ಹೋದಾಗ ಅಕ್ಕ ಕೈ ಚಾಚಲಿಲ್ಲ. “ಅಲ್ಲೇ ಇಡ್ರಿ,” ಎಂದಳು, ಕಲ್ಲಿನ ಕಡೆ ನೋಡಿ. ಇಟ್ಟು ಬಂದೆ. ಎರಡು ದಿನ ಅಲ್ಲೇ ಇತ್ತು. ಮೂರನೆಯ ದಿನ ಇರಲಿಲ್ಲ.

ಪಂಪಿನ ಮನೆಗೆ ಅಪ್ಪ ಕೀಲಿ ಹಾಕಿದ. ಒಳಗೆ ಅವರದೇನೂ ಉಳಿದಿಲ್ಲ, ಗೋಡೆಯಲ್ಲಿ ಆ ಕೆಳಗಿನ ಮೊಳೆಯೊಂದನ್ನು ಬಿಟ್ಟರೆ. ಪಂಪು ಹಚ್ಚಲು ಹೋದಾಗ ಒಂದೆರಡು ಸಲ ನನ್ನ ಓಢಣಿ ಅದಕ್ಕೆ ಸಿಕ್ಕಿ ಹರಿದಿದೆ. ಅಪ್ಪನಿಗೆ ಕೀಳಬೇಕೆಂದು ಹೇಳಿದರೆ, ಇರಲಿ ಬಿಡು ಎನ್ನುತ್ತಾನೆ.

ಮುಂದಿನ ಮಳೆಗಾಲದಲ್ಲಿ ಅದೇ ಕೆಳಗಿನ ಮೂಲೆಯಲ್ಲಿ ಮತ್ತೆ ಬಳ್ಳಿ ಕೊಳೆಯಿತು. ಈ ಸಲ ತೋಟದೊಳಗೆ ಹೊರಗಿನವರು ಯಾರೂ ಇರಲಿಲ್ಲ. ದೊಡ್ಡಪ್ಪನೂ ಚಾಚಾನೂ ಮತ್ತೆ ಸೇರಿದರು. ನನ್ನ ಮಾತು ಅವರ ತಲೆಯಲ್ಲಿ ಎಲ್ಲೋ ಉಳಿದಿತ್ತು: ನೀವು ಕೇಳಿಲ್ಲ, ಅವರು ಹೇಳಿಲ್ಲ. ಕೇಳುವುದೇ ಸರಿ ಎಂದು ತೀರ್ಮಾನಿಸಿದರು. ಅಂದ ಹಾಗೆ, ಆ ಇಡೀ ವಾದದಲ್ಲಿ ಅವರು ಒಪ್ಪಿಕೊಂಡ ನನ್ನ ಒಂದೇ ಒಂದು ಅಂಶ ಇದು. ಗಂಡಸರು ಕೇಳುವುದು ಚೆಂದವಲ್ಲ. ಎರಡೂ ತೋಟಗಳ ಹೆಂಗಸರನ್ನು ಬೆಳಿಗ್ಗೆ ಬಾಗಿಲಲ್ಲಿ ನಿಂತು ಕೇಳಲು ಒಬ್ಬ ನಂಬಿಕಸ್ಥಳು ಬೇಕಾಯಿತು. ಅಕ್ಕನನ್ನು ನಿಲ್ಲಿಸಿದರು.

ಈಗ ತಿಂಗಳಿಗೆ ನಾಲ್ಕು ದಿನ ಹೆಂಗಸರು ಒಬ್ಬೊಬ್ಬರಾಗಿ ಆ ಬಾಗಿಲಿನಿಂದ ಹಿಂದಿರುಗುತ್ತಾರೆ. ಸುಳ್ಳು ಹೇಳಬಹುದು. ಕೆಲವರು ಹೇಳುತ್ತಾರೆ ಕೂಡ. ಆದರೆ ಕೇಳದೆ ಇದ್ದಾಗ ಸುಮ್ಮನಿರುವುದು ಬೇರೆ, ಕೇಳಿದಾಗ ಜೊತೆಯವಳ ಮುಖ ನೋಡಿ ಸುಳ್ಳು ಹೇಳುವುದು ಬೇರೆ. ಒಬ್ಬಳು ಹೇಳಿದ ಸುಳ್ಳನ್ನು ಇನ್ನೊಬ್ಬಳು ಅಕ್ಕನ ಕಿವಿಗೆ ಹಾಕುವುದೂ ಶುರುವಾಗಿದೆ. ಇಪ್ಪತ್ತು ವರ್ಷ ಒಂದೇ ಬುತ್ತಿ ಬಿಚ್ಚಿ ಉಂಡವರು ಈಗ ಬೇರೆ ಬೇರೆ ಗಿಡದ ಕೆಳಗೆ ಕೂತು ಉಣ್ಣುತ್ತಾರೆ. ಖಾರದ ಅಂಗಡಿಯ ಮುಂದೆ ಎದುರಾದ ತೋಟದ ಕೆಲಸದ ಒಬ್ಬಳು ನನ್ನನ್ನು ನಿಲ್ಲಿಸಿ, “ಮುಂದಿನ ಭಾಷಣ ಯಾವಾಗ್ರಿ ಮೇಡಂ? ಹೇಳ್ರಿ, ಅವತ್ತ ಮನ್ಯಾಗ ಇರ್ತೇವಿ. ಹೆಂಗೂ ಇರ್ತೇವಲ್ಲ” ಎಂದಳು. ಜೊತೆಯಲ್ಲಿದ್ದವರು ನಕ್ಕರು.

ನಾನು ಸ್ಪರ್ಧೆಗಳಿಗೆ ಹೋಗುವುದನ್ನು ಬಿಟ್ಟಿಲ್ಲ. ಬಿಟ್ಟೆ ಎಂದು ಬರೆದರೆ ಚೆನ್ನಾಗಿ ಓದಿಸಿಕೊಳ್ಳುತ್ತಿತ್ತು, ಆದರೆ ಬಿಟ್ಟಿಲ್ಲ. ಕಾಲುವೆಯ ವಿಷಯ ದೊಡ್ಡಪ್ಪನ ಹತ್ತಿರ ತಿಂಗಳಿಗೊಮ್ಮೆಯಾದರೂ ತೆಗೆಯುತ್ತೇನೆ. ಅವನು ಪ್ರತಿ ಸಲವೂ ಮಾತು ಬದಲಿಸುತ್ತಾನೆ. ಕೆಂಪು ದಾರದ ವಿಷಯ ಅಪ್ಪನಿಗೆ ಹೇಳಬೇಕು ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಹೇಳಿಲ್ಲ. ಈಗ ಹೇಳಿ ಯಾರಿಗೇನು ಉಪಯೋಗ ಎನ್ನುವುದು ಒಂದು ವಾದ. ಅದು ಎಂಥ ವಾದವೆಂದು ನನಗೆ ಗೊತ್ತು.

ಹೋದ ವಾರ ಅಪ್ಪ ಮೊಬೈಲು ಮರೆತು ತೋಟಕ್ಕೆ ಹೋಗಿದ್ದ. ಕೊಡಲು ಹೋದೆ. ಬೇವಿನ ಬುಡದಲ್ಲಿ ಚಪ್ಪಲಿ ಬಿಟ್ಟು, ಕಾಲು ತೊಳೆದುಕೊಂಡೆ. ತಟ್ಟಿ ಬಾಗಿಲಿಗೆ ಅಡ್ಡವಾಗಿ ಅಕ್ಕ ಮಣೆ ಹಾಕಿಕೊಂಡು ಕೂತಿದ್ದಳು. ಮೊದಲಾದರೆ “ಬಾರ ತಂಗಿ” ಎನ್ನುತ್ತಿದ್ದಳು. ಎದ್ದು ನಿಂತಳು. ಬೆಳಗಿನಿಂದ ಎಲ್ಲರನ್ನೂ ಕೇಳುತ್ತಿದ್ದ ಮಾತನ್ನೇ, ಅದೇ ದನಿಯಲ್ಲಿ, ನನ್ನನ್ನೂ ಕೇಳಿದಳು.

“ಇವತ್ತ ಒಳಗ ಬರಬಹುದೇನ್ರಿ?”

ಅವತ್ತು ನನಗೆ ಎರಡನೆಯ ದಿನ.

“ಬರಬಹುದು,” ಎಂದೆ.

ಅವಳು ನನ್ನ ಮುಖ ನೋಡಿದಳು. ನನ್ನ ಹದಿನಾಲ್ಕನೆಯ ವಯಸ್ಸಿನಲ್ಲಿ ನೋಡಿದ ಹಾಗೆಯೇ ನೋಡಿದಳು, ಹಾಗೆಯೇ ತಿಳಿದುಕೊಂಡಳು. ಮಣೆ ಸರಿಸಿ ದಾರಿ ಬಿಟ್ಟಳು. ನಾನು ತಲೆ ತಗ್ಗಿಸಿ ಒಳಗೆ ಹೋದೆ.